ರೀಸೆಲ್ಲರ್ ಪ್ಲಾನ್ ನಿಲ್ಲಿಸುತ್ತಿದ್ದೇವೆ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರೇ,

ಬರುವ ಅಕ್ಟೋಬರ್ 1ರಿಂದ ನಾವು ರೀಸೆಲ್ಲರ್ ಹೋಸ್ಟಿಂಗ್ (ಮರುಮಾರಾಟಕ್ಕೆ ಕೊಡುವ ವೆಬ್‌ಸೈಟ್ ಜಾಗ) ಮಾರುವುದಿಲ್ಲ. ಈಗಾಗಲೇ ಆ ಪ್ಲಾನ್ ಇರುವವರು ಹಣ ಕಟ್ಟಿದ ಅವಧಿ ಮುಗಿಯುವ ತನಕ ಮುಂದುವರಿಯಬಹುದು. ಆಮೇಲೆ ಅದು ರಿನ್ಯೂ ಆಗುವುದಿಲ್ಲ. ನೇರವಾಗಿ ನಮ್ಮಿಂದಲೇ ಹೋಸ್ಟಿಂಗ್ ತೆಗೆದುಕೊಂಡವರಿಗೆ ಈ ವರ್ಷ ದರದಲ್ಲಿ ಏನೂ ಬದಲಾವಣೆ ಇಲ್ಲ.

ಇದನ್ನು ಮೊದಲೇ ಹೇಳುತ್ತಿದ್ದೇವೆ. ಯಾಕೆಂದರೆ ವಾಟ್ಸ್‌ಆಪ್‌ನಲ್ಲಿ "ಅವರು ಅಂಗಡಿ ಮುಚ್ಚುತ್ತಾರಂತೆ" ಎಂಬ ಸುದ್ದಿ ಹಬ್ಬಿ, ಫೋನ್ ಕೆಳಗಿಡಲು ಪುರುಸೊತ್ತಿಲ್ಲದ ಹಾಗೆ ಆಗಿದೆ. ಮುಚ್ಚುತ್ತಿಲ್ಲ. ಮಂಗಳೂರಿನ ಬೆಂದೂರ್‌ವೆಲ್‌ನಲ್ಲಿದ್ದ ದಿನಗಳಿಂದ ಜೊತೆಗಿರುವವರಿಗೆ ನಮ್ಮ ಕಥೆ ಹೊಸದಾಗಿ ಹೇಳಬೇಕಾಗಿಲ್ಲ. ಅಷ್ಟು ಬೇಗ ಬಿಟ್ಟುಹೋಗುವವರಲ್ಲ ಅಂತ ನಿಮಗೆ ಗೊತ್ತುಂಟು.

ರೀಸೆಲ್ಲರ್ ಅಂದರೆ ನಮ್ಮ ಸರ್ವರ್‌ನಲ್ಲಿ (ಸೈಟ್‌ಗಳನ್ನು ಇಟ್ಟಿರುವ ಕಂಪ್ಯೂಟರ್) ಸಗಟಿಗೆ ಜಾಗ ತೆಗೆದುಕೊಂಡು, ಪಾಲು ಮಾಡಿ, ತಮ್ಮ ಹೆಸರಿನಲ್ಲಿ ಬೇರೆಯವರಿಗೆ ಮಾರುವವರು. ಸೈಟ್‌ನ ಮಾಲೀಕರಿಗೆ ಹೆಚ್ಚಾಗಿ ನಮ್ಮ ಹೆಸರೇ ಗೊತ್ತಿರುವುದಿಲ್ಲ. ಒಂದು ಲೋಗೊ, ಒಂದು ಪೇಮೆಂಟ್ ಲಿಂಕ್ ಇದ್ದರೆ ಸಂಜೆಯೊಳಗೆ ಹೋಸ್ಟಿಂಗ್ ಕಂಪನಿ ರೆಡಿ. ಸುರತ್ಕಲ್, ಮಣಿಪಾಲ, ಮೂಡುಬಿದಿರೆ ಕಡೆಯ ಎಷ್ಟೋ ಹುಡುಗರು ಕಾಲೇಜು ಮುಗಿಯುವ ಮೊದಲೇ ನಮ್ಮಿಂದ ಈ ಪ್ಲಾನ್ ತೆಗೆದುಕೊಂಡರು. ಡಿಸೈನ್ ಚೆನ್ನಾಗಿ ಬರುತ್ತದೆ, ಕೋಡ್ ಬರುತ್ತದೆ, ಮಾತು ಬರುತ್ತದೆ. ಆದರೆ ಕಳೆದುಹೋದ ಸೈಟನ್ನು ಬ್ಯಾಕಪ್‌ನಿಂದ ವಾಪಸ್ ತರಲು ಬರುವುದಿಲ್ಲ. ಮೇಲ್ ಯಾಕೆ ಸ್ಪ್ಯಾಮ್‌ಗೆ ಹೋಗುತ್ತದೆ ಅಂತ ಲಾಗ್ (ಸರ್ವರ್ ತಾನೇ ಬರೆದಿಡುವ ದಾಖಲೆ) ಓದಿ ಹೇಳಲು ಬರುವುದಿಲ್ಲ. ಗ್ರಾಹಕ ಕಷ್ಟದಲ್ಲಿ ಫೋನ್ ಮಾಡುವುದು ಇಂಥದ್ದಕ್ಕೇ.

ಈಗ, ನಮ್ಮ ಕಿವಿಗೆ ಪದೇಪದೇ ಬಿದ್ದ ಒಂದು ಮಾತಿಗೆ ಬರುತ್ತೇವೆ. "ಮಾರಾಯ್ರೆ, ನೀವೂ ಹೀಗೇ ಅಲ್ವಾ ಶುರು ಮಾಡಿದ್ದು? ನಿಮಗೂ ಆಗ ಎಂತ ಅನುಭವ ಇತ್ತು? ಈಗ ಬೇರೆ ಹುಡುಗರು ಮೇಲೆ ಬರಬಾರದಾ?" ಕೌಂಟರ್‌ನಲ್ಲಿ ಕೇಳಿದ್ದಾರೆ, ಮದುವೆ ಊಟದ ಸಾಲಿನಲ್ಲಿ ಕೇಳಿದ್ದಾರೆ. ಕೇಳಿದವರಲ್ಲಿ ನಮಗೆ ಬೇಕಾದವರೂ ಇದ್ದಾರೆ. ಹಾಗಾಗಿ ಮನಸ್ಸಿಗೆ ತಾಗಿದೆ.

ಹೌದು, ನಾವೂ ರೀಸೆಲ್ಲರ್ ಆಗಿಯೇ ಶುರು ಮಾಡಿದ್ದು. ಅದನ್ನು ಯಾವತ್ತೂ ಮುಚ್ಚಿಟ್ಟಿಲ್ಲ. ಆದರೆ ಆಗಿನ ಸೈಟ್ ಅಂದರೆ ಏನಿತ್ತು? ನಾಲ್ಕು ಪುಟ, ಒಂದೆರಡು ಫೋಟೋ, ಫೋನ್ ನಂಬರ್. ಒಂದು ದಿನ ಬಿದ್ದರೂ ಯಾರ ಊಟವೂ ತಪ್ಪುತ್ತಿರಲಿಲ್ಲ. ಕಲಿಯುವವರಿಗೆ ಕಲಿಯಲು ಸಮಯ ಸಿಗುತ್ತಿತ್ತು. ಈಗ ದೇವಸ್ಥಾನದ ಸೈಟ್‌ನಲ್ಲೇ ಸೇವೆಗೆ ಹಣ ಕಟ್ಟುತ್ತಾರೆ. ಬ್ರಹ್ಮಕಲಶೋತ್ಸವದ ಆಮಂತ್ರಣ ವಾಟ್ಸ್‌ಆಪ್‌ನಲ್ಲಿ ಹೋದರೆ ಮುಂಬೈ, ದುಬೈ, ಮಸ್ಕತ್‌ನಲ್ಲಿರುವ ಊರಿನವರೆಲ್ಲ ಒಂದೇ ಹೊತ್ತಿಗೆ ಲಿಂಕ್ ಒತ್ತುತ್ತಾರೆ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಉಡುಪಿ ಪರ್ಯಾಯ ಬಂದಾಗ ಲಾಡ್ಜ್‌ಗಳ ಬುಕಿಂಗ್ ಅವುಗಳ ಸೈಟ್ ಮೇಲೆಯೇ ನಿಂತಿರುತ್ತದೆ. ಗೋಡಂಬಿ ರಫ್ತು ಮಾಡುವವರ ಬಿಲ್ಲು, ಬಂದರಿನ ಶಿಪ್ಪಿಂಗ್ ಏಜೆಂಟರ ಕಾಗದಪತ್ರ ಎಲ್ಲ ಮೇಲ್‌ನಲ್ಲೇ ಓಡಾಡುತ್ತದೆ. ಇಲ್ಲಿ ಯಾರದೋ ಕಲಿಕೆಗೆ ಬೇರೆ ಯಾರದೋ ಸೀಸನ್ ಹೋಗುತ್ತದೆ. ಅದು ನ್ಯಾಯ ಅಂತ ನಮಗೆ ಅನ್ನಿಸುವುದಿಲ್ಲ.

ಇನ್ನೊಂದು ವಿಷಯ ಹೆಮ್ಮೆಯಿಂದಲೇ ಹೇಳುತ್ತೇವೆ. ಅನುಭವ ಕಡಿಮೆ ಇದ್ದ ಆ ದಿನಗಳಲ್ಲೂ ಎರಡು ನಿಯಮ ನಾವು ಮುರಿಯಲಿಲ್ಲ. ಡೊಮೇನ್, ಅಂದರೆ ಸೈಟ್‌ನ ವಿಳಾಸ, ಗ್ರಾಹಕರ ಹೆಸರಿನಲ್ಲೇ ಇರಬೇಕು. ಮುಂಗಡವಾಗಿ ಬಂದ ಹಣವನ್ನು ಲಾಭ ಅಂತ ಖರ್ಚು ಮಾಡಬಾರದು.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸದಾಗಿ ಹೋಸ್ಟಿಂಗ್ ಶುರು ಮಾಡಿದವರು ಮುಗ್ಗರಿಸುವುದು ಟೆಕ್ನಿಕಲ್ ವಿಷಯದಲ್ಲಿ ಕಡಿಮೆ, ಇಲ್ಲಿ ಜಾಸ್ತಿ. 30 ಜನ ಮೂರು ವರ್ಷಕ್ಕೆ ಅಂತ ತಲಾ 3,000 ರೂಪಾಯಿ ಕೊಟ್ಟರೆ 90,000 ರೂಪಾಯಿ ಒಮ್ಮೆಲೇ ಕೈಗೆ ಬರುತ್ತದೆ. ಹೊಸ ಲ್ಯಾಪ್‌ಟಾಪ್ ಬರುತ್ತದೆ, ಬೈಕ್ ಬರುತ್ತದೆ. ಆದರೆ ಆ ಹಣ 36 ತಿಂಗಳು ಕೊಡಬೇಕಾದ ಸೇವೆಯದು. ಸರ್ವರ್ ಬಾಡಿಗೆ ತಿಂಗಳು ತಿಂಗಳು ಕಟ್ಟಬೇಕು, ಅದೂ ಏರುತ್ತಲೇ ಇರುವ ದರದಲ್ಲಿ. ಎರಡನೇ ವರ್ಷ ಹೊಸ ಗ್ರಾಹಕರು ಸಿಗದಿದ್ದರೆ ಹಳಬರ ಬಾಡಿಗೆಗೆ ಹಣ ಇರುವುದಿಲ್ಲ. ಆಗ ಫೋನ್ ಎತ್ತುವುದು ನಿಲ್ಲುತ್ತದೆ. ಅಲ್ಲಿಗೆ ಬಾಕಿ ನಮ್ಮ ತಲೆಗೆ. ನಿಯಮದ ಪ್ರಕಾರ ನಾವು ಆ ರೀಸೆಲ್ಲರ್ ಅಕೌಂಟನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ಅದರ ಅಡಿಯಲ್ಲಿ ಪೂರ್ತಿ ಹಣ ಕೊಟ್ಟು ಕುಳಿತ ಅಮಾಯಕರ ಸೈಟ್‌ಗಳೂ ಬೀಳುತ್ತವೆ. ನಾವು ನಿಲ್ಲಿಸಿಲ್ಲ. ತಿಂಗಳುಗಟ್ಟಲೆ ಕೈಯಿಂದ ಹಾಕಿ ನಡೆಸಿದ್ದೇವೆ. ಇದು ಯಾವ ಗ್ರಾಹಕರಿಗೂ ಕಾಣಲಿಲ್ಲ, ನಾವೂ ಹೇಳಲಿಲ್ಲ. "ಇವರಿಗೆ ದುರಾಸೆ" ಎಂಬ ಮಾತು ಕಿವಿಗೆ ಬಿದ್ದ ಮೇಲೆ ಹೇಳದೆ ಇರಲು ಆಗುತ್ತಿಲ್ಲ.

ಡೊಮೇನ್ ವಿಷಯವೂ ಅಷ್ಟೇ. ಮಲ್ಪೆ ಕಡೆಯ ಒಂದು ಹೋಂಸ್ಟೇಯವರು ಡಿಸೆಂಬರ್ ಸೀಸನ್‌ನಲ್ಲಿ ಅಳುವುದೊಂದು ಬಾಕಿ ಎಂಬಂತೆ ನಮ್ಮಲ್ಲಿಗೆ ಬಂದರು. ಸೈಟ್ ಮಾಯ. ಅಕೌಂಟ್ ನಮ್ಮ ಸರ್ವರ್‌ನಲ್ಲಿ ಸುರಕ್ಷಿತವಾಗಿತ್ತು. ಆದರೆ ಡೊಮೇನ್ ರೀಸೆಲ್ಲರ್ ಹುಡುಗನ ಸ್ವಂತ ಹೆಸರಿನಲ್ಲಿ, ಅವನ ಸ್ವಂತ ಮೇಲ್‌ನಲ್ಲಿ, ಬೇರೆ ಕಡೆ ಖರೀದಿ ಮಾಡಿದ್ದು. ಅವನು ಕೆಲಸ ಸಿಕ್ಕಿ ಗಲ್ಫ್‌ಗೆ ಹೋಗಿದ್ದ. ರಿನ್ಯೂವಲ್ ನೋಟಿಸ್‌ಗಳೆಲ್ಲ ಅವನು ತೆರೆಯದ ಮೇಲ್‌ಗೆ ಹೋಗುತ್ತಿದ್ದವು. ಡಾಟ್ ಕಾಮ್ ಹೆಸರು ಅವಧಿ ಮುಗಿದು ಅಳಿಸಲ್ಪಟ್ಟರೆ, ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಇರುತ್ತದೆ. ಆಮೇಲೆ 5 ದಿನ ಯಾರೂ ಮುಟ್ಟಲು ಆಗುವುದಿಲ್ಲ. ಅದಾದ ಮೇಲೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಅವನ ಸಂಬಂಧಿಕರನ್ನು ಹುಡುಕಿ, ಅವನನ್ನು ಹಿಡಿದು, ಆ 30 ದಿನದೊಳಗೆ ಬಿಡಿಸಿದೆವು. ಹುಡುಗ ಕೆಟ್ಟವನಲ್ಲ. ಅದೇ ರಾತ್ರಿ ಲಾಗಿನ್ ಆಗಿ ದಂಡ ತಾನೇ ಕಟ್ಟಿದ. ಹೆಸರು ಯಾರದ್ದು ಎಂಬ ಪ್ರಶ್ನೆ ಅಲ್ಲಿಯ ತನಕ ಅವನಿಗೆ ಹೊಳೆದೇ ಇರಲಿಲ್ಲ, ಅಷ್ಟೇ.

ಇನ್ನು ಖರ್ಚಿನ ವಿಷಯ. "ಮೇಲಿನವರು ದರ ಏರಿಸಿದರು" ಅಂತ ರೀಸೆಲ್ಲರ್‌ಗಳು ತಮ್ಮ ಗ್ರಾಹಕರಿಗೆ ಹೇಳುತ್ತಾರೆ. ಆ "ಮೇಲಿನವರು" ನಾವು. ನಮ್ಮ ಮೇಲೆಯೂ ಇದ್ದಾರಲ್ಲ! ಸೈಟ್, ಮೇಲ್ ನೋಡಿಕೊಳ್ಳಲು ನೀವು ಲಾಗಿನ್ ಆಗುವ ಸಿಪ್ಯಾನೆಲ್ ಸಾಫ್ಟ್‌ವೇರ್‌ಗೆ ಮೊದಲು ಸರ್ವರ್ ಲೆಕ್ಕದಲ್ಲಿ ಲೈಸೆನ್ಸ್ ಇತ್ತು. ಒಳಗೆ 50 ಅಕೌಂಟ್ ಇರಲಿ, 500 ಇರಲಿ, ಒಂದೇ ಹಣ. 2019ರ ಸೆಪ್ಟೆಂಬರ್‌ನಿಂದ ಅಕೌಂಟ್ ಎಣಿಸಿ ಹಣ ಕಟ್ಟುವ ಪದ್ಧತಿ ಬಂತು. ಅದು ಅವರ ವ್ಯಾಪಾರ, ನಾವು ದೂರುವುದಿಲ್ಲ. ಆದರೆ ರೀಸೆಲ್ಲರ್ ಒಬ್ಬರು ಟೆಸ್ಟ್‌ಗೆ ಅಂತ ತೆರೆದು ಮರೆತುಬಿಟ್ಟ ಖಾಲಿ ಅಕೌಂಟ್ ಕೂಡ ನಮ್ಮ ಬಿಲ್ಲಿನಲ್ಲಿ ಸೇರುತ್ತದೆ. ರೀಸೆಲ್ಲರ್ ಪ್ಲಾನ್‌ನ ಲೆಕ್ಕವೇ ತಲೆಕೆಳಗಾದದ್ದು ಅಲ್ಲಿ. ಕಟ್ಟುವುದು ಡಾಲರ್‌ನಲ್ಲಿ. ಆಗ ಡಾಲರ್‌ಗೆ 70 ರೂಪಾಯಿ ಆಸುಪಾಸು. 2023 ಮುಗಿಯುವಾಗ 83 ದಾಟಿತ್ತು. ಡಾಟ್ ಕಾಮ್ ಹೆಸರುಗಳ ಸಗಟು ದರ 2021ರ ಆಗಸ್ಟ್ ತನಕ 7.85 ಡಾಲರ್ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್ ಆಯಿತು. ಅದನ್ನು ನಿಗದಿ ಮಾಡುವುದು ಅಮೆರಿಕದ ವೆರಿಸೈನ್ ಕಂಪನಿ, ಮಂಗಳೂರಿನ ನಾವಲ್ಲ. ಇದರ ಮೇಲೆ ಶೇ. 18 ಜಿಎಸ್‌ಟಿ. "99 ರೂಪಾಯಿಗೆ ಡೊಮೇನ್ ಸಿಗ್ತದೆ" ಅನ್ನುವವರು ಎರಡನೇ ವರ್ಷದ ಬಿಲ್ಲನ್ನೂ ತಂದು ತೋರಿಸಲಿ. ನಮ್ಮದರ ಪಕ್ಕ ಇಟ್ಟು ನೋಡೋಣ.

ಕಾಣದ ಖರ್ಚುಗಳೂ ಉಂಟು. ಸರ್ವರ್ ನಡೆಸುವ ಸೆಂಟ್‌ಒಎಸ್ 7 ಎಂಬ ಆಪರೇಟಿಂಗ್ ಸಿಸ್ಟಮ್‌ಗೆ 2024ರ ಜೂನ್ 30ಕ್ಕೆ ಅಪ್‌ಡೇಟ್ ಬರುವುದು ನಿಂತಿತು. ಅದಕ್ಕೆ ಮೊದಲು ಎಲ್ಲ ಸರ್ವರ್‌ಗಳನ್ನು ಆಲ್ಮಾಲಿನಕ್ಸ್ ಎಂಬ ಇನ್ನೊಂದಕ್ಕೆ ತಂದೆವು. ರೀಸೆಲ್ಲರ್‌ಗಳ ಕೆಳಗಿದ್ದ ಹಳೆ ಪಿಎಚ್‌ಪಿ ಕೋಡ್‌ನ ಸೈಟ್‌ಗಳು ಸಾಲಾಗಿ ಕೈಕೊಟ್ಟವು. ಸರಿ ಮಾಡಬೇಕಾದವರು ಫೋನ್ ಎತ್ತಲಿಲ್ಲ, ನಾವೇ ಕೂತು ಮಾಡಿದೆವು, ಒಂದು ರೂಪಾಯಿ ಬಿಲ್ ಮಾಡಲಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಹ್ಯಾಕ್‌ನಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಕೊಡಬೇಕು, 180 ದಿನದ ಲಾಗ್ ಇಟ್ಟಿರಬೇಕು. ಪರೀಕ್ಷೆಗೆ ಕುಳಿತಿರುವ ಹುಡುಗನಿಂದ ಇದು ಆಗುವ ಕೆಲಸವಾ?

ಬ್ಯಾಕಪ್ ಬಗ್ಗೆಯೂ ಹೇಳಬೇಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಹೋಯಿತು. ಬ್ಯಾಕಪ್ ಕೂಡ ಅಲ್ಲೇ ಇಟ್ಟವರು ಎರಡನ್ನೂ ಕಳೆದುಕೊಂಡರು. ನಮ್ಮ ಸರ್ವರ್ ಮುಂಬೈಯಲ್ಲಿ, ಬ್ಯಾಕಪ್ ಬೇರೆ ಊರಿನಲ್ಲಿ. ಜೂನ್‌ನಲ್ಲಿ ಗುಡುಗು ಬಂದು ಇಲ್ಲಿ ಮೆಸ್ಕಾಂ ಕರೆಂಟ್ ಹೋದರೆ ನಮ್ಮ ಆಫೀಸು ಕತ್ತಲಾಗುತ್ತದೆ, ನಿಮ್ಮ ಸೈಟ್ ಬೀಳುವುದಿಲ್ಲ. ಆ ಎರಡನೇ ಊರಿನ ಬಾಡಿಗೆ ಯಾವ ರೀಸೆಲ್ಲರ್ ದರದಲ್ಲೂ ಸೇರಿರಲಿಲ್ಲ.

ನೇರ ಗ್ರಾಹಕರು ಕೇಳಬಹುದು, "ರೀಸೆಲ್ಲರ್ ವಿಷಯ ನಮಗ್ಯಾಕೆ?" ಅಂತ. ಕಾರಣ ಉಂಟು. ಒಂದು ಸರ್ವರ್ ಅಂದರೆ ವಠಾರಕ್ಕೆಲ್ಲ ಒಂದೇ ಬಾವಿ ಇದ್ದ ಹಾಗೆ. ರೀಸೆಲ್ಲರ್ ಒಬ್ಬರ ಕೆಳಗಿನ ಒಂದು ಸೈಟ್‌ಗೆ ಯಾರೋ ಪುಕ್ಕಟೆ ಸಿಕ್ಕಿದ ಕದ್ದ ಥೀಮ್ (ರೆಡಿಮೇಡ್ ಡಿಸೈನ್) ಹಾಕಿದ್ದರು. ಅದರೊಳಗಿದ್ದ ಕಳ್ಳ ಕೋಡ್ ರಾತ್ರಿಯಿಡೀ ಸ್ಪ್ಯಾಮ್ ಕಳಿಸಿತು. ಬೆಳಗಾಗುವಾಗ ಸರ್ವರ್‌ನ ಐಪಿ, ಅಂದರೆ ಇಂಟರ್ನೆಟ್‌ನಲ್ಲಿ ಅದರ ನಂಬರ್, ಸ್ಪ್ಯಾಮ್ ಕಳಿಸುವವರ ಬ್ಲ್ಯಾಕ್‌ಲಿಸ್ಟ್‌ನಲ್ಲಿತ್ತು. ಆ ಥೀಮ್‌ಗೂ ತಮಗೂ ಸಂಬಂಧವೇ ಇಲ್ಲದವರ ಮೇಲ್‌ಗಳು ವಾಪಸ್ ಬಂದವು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಮೇಲ್ ಕಳಿಸುವವರಿಗೆ ನಿಯಮ ಬಿಗಿ ಮಾಡಿವೆ. ಮೇಲ್ ನಿಜವಾಗಿ ಆ ಡೊಮೇನ್‌ನಿಂದಲೇ ಬಂದದ್ದು ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ ದಾಖಲೆ ಸರಿ ಇಲ್ಲದಿದ್ದರೆ ಮೇಲ್ ಸ್ಪ್ಯಾಮ್‌ಗೆ ಹೋಗಬಹುದು, ವಾಪಸ್ಸೂ ಬರಬಹುದು. ನಮ್ಮ ನೇರ ಅಕೌಂಟ್‌ಗಳಿಗೆ ನಾವೇ ಹಾಕಿದ್ದೇವೆ. ರೀಸೆಲ್ಲರ್‌ಗಳ ಅಡಿಯಲ್ಲಿ ಡೊಮೇನ್ ಎಲ್ಲಿದೆ ಅಂತಲೇ ಗೊತ್ತಿಲ್ಲದಿದ್ದರೆ ಹಾಕುವುದು ಹೇಗೆ? ಆ ದಿನಗಳಲ್ಲಿ ತೊಂದರೆ ಅನುಭವಿಸಿದ ಪ್ರತಿಯೊಬ್ಬರಲ್ಲೂ ಮನಸಾರೆ ಕ್ಷಮೆ ಕೇಳುತ್ತೇವೆ. ಇಂಥದ್ದು ಮತ್ತೆ ಆಗಬಾರದು ಅಂತಲೇ ಈ ನಿರ್ಧಾರ.

ಹಾಗಂತ ಹುಡುಗರಿಗೆ ಬಾಗಿಲು ಹಾಕುತ್ತಿಲ್ಲ. ನೀವು ಗ್ರಾಹಕರನ್ನು ಹುಡುಕಿ, ಸೈಟ್ ಮಾಡಿಕೊಡಿ, ಅದರ ಹಣ ಪೂರ್ತಿ ನಿಮ್ಮದು. ಹೋಸ್ಟಿಂಗ್ ಬಿಲ್ ನಮ್ಮಿಂದ ನೇರವಾಗಿ ಗ್ರಾಹಕರಿಗೆ ಹೋಗುತ್ತದೆ, ಅದರಲ್ಲಿ ಒಂದು ಪಾಲು ಪ್ರತಿ ವರ್ಷ ನಿಮಗೆ. ಡೊಮೇನ್ ಗ್ರಾಹಕರ ಹೆಸರಿನಲ್ಲಿ. ಸರ್ವರ್, ಬ್ಯಾಕಪ್, ಮೇಲ್ ನಮ್ಮ ಜವಾಬ್ದಾರಿ. "ನಮ್ಮ ಗ್ರಾಹಕರನ್ನು ಕಸಿದುಕೊಳ್ಳುತ್ತೀರಿ" ಅಂತ ಒಬ್ಬಿಬ್ಬರು ಸಿಟ್ಟಾಗಿದ್ದಾರೆ. ನೀವು ಕರೆತಂದವರಿಗೆ ನಾವು ಡಿಸೈನ್ ಕೆಲಸ ಮಾಡಿಕೊಡುವುದಿಲ್ಲ. ಇದನ್ನು ಬರೆದೇ ಕೊಡುತ್ತೇವೆ. ಮುಂದೆ ಸ್ವಂತ ಹೋಸ್ಟಿಂಗ್ ನಡೆಸಬೇಕು ಎಂಬ ಆಸೆ ಇರುವವರು ಶನಿವಾರ ಮಧ್ಯಾಹ್ನದ ಮೇಲೆ ಬನ್ನಿ, ನಮ್ಮ ಜೊತೆ ಕೂತು ಕೆಲಸ ನೋಡಿ. ಖಾಲಿ ಸರ್ವರ್ ಕೊಡುತ್ತೇವೆ. ಅದರಲ್ಲಿ ಬ್ಯಾಕಪ್‌ನಿಂದ ಒಂದು ಸೈಟ್ ಎಬ್ಬಿಸಿ, ಒಂದೂ ಮೇಲ್ ಕಳೆಯದ ಹಾಗೆ ಅಕೌಂಟ್ ಸಾಗಿಸಿ ತೋರಿಸಿ. ಅದು ಬಂದ ದಿನ ನಿಮಗೆ ಸರ್ವರ್ ಎಲ್ಲಿ ಬಾಡಿಗೆಗೆ ತೆಗೆದುಕೊಳ್ಳಬೇಕು ಅಂತ ನಾವೇ ಹೇಳಿಕೊಡುತ್ತೇವೆ. ಪೈಪೋಟಿಗೆ ಹೆದರುವ ಜನ ನಾವಲ್ಲ.

ರೀಸೆಲ್ಲರ್ ಮೂಲಕ ಸೈಟ್ ಇಟ್ಟಿರುವವರು ಗಾಬರಿ ಆಗಬೇಡಿ. ನಿಮ್ಮ ಒಂದು ಫೈಲನ್ನೂ ಅಳಿಸುವುದಿಲ್ಲ. ಅವರಿಗೆ ಹಣ ಕೊಟ್ಟ ರಸೀದಿ ಅಥವಾ ಯುಪಿಐ ಮೆಸೇಜ್ ತೋರಿಸಿದರೆ ಸಾಕು. ಉಳಿದ ಅವಧಿಗೆ, ಹೆಚ್ಚೆಂದರೆ ಒಂದು ವರ್ಷದ ತನಕ, ನಾವು ಹೊಸದಾಗಿ ಹಣ ಕೇಳುವುದಿಲ್ಲ. ಆ ನಷ್ಟ ನಮಗಿರಲಿ. ಬೇರೆ ಕಂಪನಿಗೆ ಹೋಗಬೇಕು ಅನ್ನಿಸಿದರೆ ಪೂರ್ತಿ ಬ್ಯಾಕಪ್ ಕೊಡುತ್ತೇವೆ. ಡೊಮೇನ್ ನಮ್ಮಲ್ಲಿದ್ದರೆ ಅದನ್ನು ವರ್ಗಾಯಿಸಲು ಬೇಕಾದ ಕೋಡ್ ಕೂಡ. ಅದಕ್ಕೆ ಚಾರ್ಜ್ ಇಲ್ಲ, ಮುನಿಸೂ ಇಲ್ಲ.

ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ನಿಮ್ಮ ಡೊಮೇನ್ ಯಾರ ಹೆಸರಿನಲ್ಲಿ, ಯಾವ ಮೇಲ್ ಐಡಿಯಲ್ಲಿ ಇದೆ ಅಂತ ಸೈಟ್ ಮಾಡಿಕೊಟ್ಟವರಲ್ಲಿ ಕೇಳಿ, ಬರೆದಿಟ್ಟುಕೊಳ್ಳಿ. ಉತ್ತರ ಸಿಗದಿದ್ದರೆ ಅಂಗಡಿಗೆ ಬನ್ನಿ. ನಮ್ಮ ಗ್ರಾಹಕರಾಗಿರಲಿ, ಅಲ್ಲದಿರಲಿ, ಒಟ್ಟಿಗೆ ಕೂತು ಹುಡುಕೋಣ. ಫೋನ್ ನಂಬರ್ ಹಳೆಯದೇ. ರಾತ್ರಿ ಸೈಟ್ ಬಿದ್ದರೆ ರಾತ್ರಿಯೇ ಫೋನ್ ಮಾಡಿ, ಬೆಳಗಿನ ತನಕ ಕಾಯಬೇಡಿ.

ನಿಮ್ಮ ವಿಶ್ವಾಸದ,
ಹೋಸ್ಟಿಂಗ್ ಬಳಗ, ಮಂಗಳೂರು