ಹೃದಯದ ಔಷಧಿಗೂ ನೆರವಿನ ಹಣ ಬೇಕು: ಬೆಳಗಾವಿ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಬೈಲಹೊಂಗಲದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಲೋಕಸಭೆಯಲ್ಲಿ ನೀವು ಒಂದು ಪ್ರಶ್ನೆ ಕೇಳಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ. ಬಡ ದೇಶಗಳಿಗೆ ಭಾರತ ಆರೋಗ್ಯಕ್ಕೆ ಅಂತ ಕೊಡುವ ನೆರವಿನಲ್ಲಿ ಬಿಪಿಗೆ, ಹೃದಯ ರೋಗಕ್ಕೆ ಎಷ್ಟು ಹೋಗುತ್ತದೆ?

ಬೈಲಹೊಂಗಲದವನಿಗೆ ಆಫ್ರಿಕಾದ ಚಿಂತೆ ಯಾಕೆ ಅಂತ ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಬಹುದು. ಅಲ್ಲಿನವರನ್ನು ಕೊಲ್ಲುವ ರೋಗವನ್ನೇ ನಾನು ಇಲ್ಲಿ ದಿನಾ ನೋಡುತ್ತೇನೆ, ಅದಕ್ಕೆ.

ಜಗತ್ತಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಜನ ಸಾಯುವುದು ಹೃದಯ ಮತ್ತು ರಕ್ತನಾಳದ ರೋಗಗಳಿಂದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಹೀಗೆ ತೀರಿಕೊಂಡವರು ಸುಮಾರು 1.79 ಕೋಟಿ. ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ. ಆದರೆ ಆ ದೇಶಗಳಿಗೆ ಆರೋಗ್ಯಕ್ಕೆ ಅಂತ ಹೊರಗಿನಿಂದ ಬರುವ ಹಣದಲ್ಲಿ ಹೃದಯ ರೋಗ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲಾ ಸೇರಿಸಿದರೂ ಸಿಗುವುದು ನೂರಕ್ಕೆ ಎರಡು ರೂಪಾಯಿ ಆಸುಪಾಸು. ಏಡ್ಸ್, ಟಿಬಿ, ಮಲೇರಿಯಾಕ್ಕೆ 2002ರಿಂದ ಗ್ಲೋಬಲ್ ಫಂಡ್ ಎಂಬ ಅಂತರರಾಷ್ಟ್ರೀಯ ನಿಧಿ ಇದೆ. ಅದರಿಂದ ಕೋಟಿಗಟ್ಟಲೆ ಜೀವ ಉಳಿದಿವೆ. ಅದರಲ್ಲಿ ಒಂದು ಪೈಸೆಯನ್ನೂ ಕಡಿಮೆ ಮಾಡಬಾರದು. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಮುಚ್ಚಿದ ಮೇಲೆ ಆ ಕೆಲಸಗಳಿಗೇ ಪೆಟ್ಟು ಬಿದ್ದಿದೆ. ಹೃದಯಕ್ಕೆ ಬೇರೆಯೇ ಹಣ ಬೇಕು.

ಬಿಪಿ ಎಂಥ ರೋಗ ಅಂತ ನನ್ನ ಅಂಗಡಿ ಮುಂದೆ ನಿಂತರೆ ಗೊತ್ತಾಗುತ್ತದೆ. ಡಾಕ್ಟರು ಒಂದು ತಿಂಗಳಿಗೆ ಬರೆದುಕೊಟ್ಟಿರುತ್ತಾರೆ. ಚೀಟಿ ಮಡಿಕೆಯಲ್ಲೇ ಹರಿದಿರುತ್ತದೆ. "ಅಣ್ಣಾ, ಸದ್ಯಕ್ಕ ನಾಕ್ ಗುಳಿಗಿ ಕೊಡ್ರಿ, ಉಳಿದದ್ದು ಮುಂದಿನ ಸಂತಿಗೆ ಒಯ್ತೀನಿ" ಅನ್ನುತ್ತಾರೆ. ಕತ್ತರಿ ತೆಗೆದು ಪಟ್ಟಿಯಿಂದ ನಾಲ್ಕು ಕತ್ತರಿಸಿ ಕೊಡುತ್ತೇನೆ. ಬಿಪಿಗೆ ಕೊಡುವ ಅಮ್ಲೋಡಿಪಿನ್ ದುಬಾರಿ ಗುಳಿಗೆಯೇನಲ್ಲ. ಜನೌಷಧಿ ಕೇಂದ್ರದಲ್ಲಿ ಹತ್ತರ ಪಟ್ಟಿ ಹತ್ತು ರೂಪಾಯಿ ಒಳಗೇ ಸಿಗುತ್ತದೆ. ಆದರೆ ಬಿಪಿಗೆ ನೋವಿಲ್ಲ, ಜ್ವರವಿಲ್ಲ. ಆರಾಮ ಅನ್ನಿಸಿದ ಕೂಡಲೇ ಗುಳಿಗೆ ಬಿಡುತ್ತಾರೆ. ಆಮೇಲೆ ಅದೇ ಮನೆಯವರು ಬರುವುದು ಲಕ್ವಾ ಹೊಡೆದು ಮಲಗಿದವರಿಗೆ ಡೈಪರ್ ಕೇಳಿಕೊಂಡು.

ಇದನ್ನು ತಡೆಯಲು ದೊಡ್ಡ ಆಸ್ಪತ್ರೆಯೇ ಬೇಕು ಅಂತಿಲ್ಲ. ಸರಿಯಾಗಿ ತೋರಿಸುವ ಬಿಪಿ ಮಷಿನ್ ಬೇಕು, ಒಂದೇ ಸಲಕ್ಕೆ ತಿಂಗಳ ಗುಳಿಗೆ ಕೈಗೆ ಸಿಗಬೇಕು, ತಪ್ಪಿಸಿಕೊಂಡವರಿಗೆ ಯಾರಾದರೂ ಫೋನ್ ಮಾಡಬೇಕು. ನಮ್ಮ ದೇಶದಲ್ಲಿ 2017ರಲ್ಲಿ ಶುರುವಾದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಮಾಡಿದ್ದು ಇದನ್ನೇ. ಮೊದಲ 25 ಜಿಲ್ಲೆಗಳಲ್ಲಿ ನಮ್ಮಿಂದ ಘಾಟ್ ಇಳಿದರೆ ಸಿಗುವ ಸಿಂಧುದುರ್ಗವೂ ಇತ್ತು. ಸರ್ಕಾರ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆ, ರಿಸಾಲ್ವ್ ಟು ಸೇವ್ ಲೈವ್ಸ್ ಎಂಬ ಹೊರದೇಶದ ಸಂಸ್ಥೆ ಕೈಜೋಡಿಸಿದವು. ಬಡ ದೇಶಗಳು ಕೇಳುತ್ತಿರುವುದೂ ಇಂಥದ್ದೇ ನೆರವು. ಅಲ್ಲಿ ಎಷ್ಟೋ ಸರ್ಕಾರಗಳಿಗೆ ಗುಳಿಗೆ ಕೊಳ್ಳಲೂ ಹಣ ಸಾಲುವುದಿಲ್ಲ.

ಮಕ್ಕಳ ವಿಷಯ ಇನ್ನೂ ಸಂಕಟದ್ದು. ಗಂಟಲು ಬೇನೆಗೆ ಸರಿಯಾದ ಔಷಧಿ ಸಿಗದೆ ಕೆಲವು ಮಕ್ಕಳಿಗೆ ರುಮಾಟಿಕ್ ಜ್ವರ ಬರುತ್ತದೆ, ಹೃದಯದ ವಾಲ್ವ್ ಕೆಡುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಬೆಂಜಥಿನ್ ಪೆನಿಸಿಲಿನ್ ಸೂಜಿ ಹಾಕಿಸಿದರೆ ಜ್ವರ ಮರುಕಳಿಸುವುದನ್ನು ತಡೆಯಬಹುದು. ಹಳೆಯ ಔಷಧಿ, ಅಗ್ಗದ ಔಷಧಿ. ಆದರೂ ಈ ರೋಗದಿಂದ ವರ್ಷಕ್ಕೆ ಸುಮಾರು 3 ಲಕ್ಷ ಜನ ಸಾಯುತ್ತಾರೆ. ಇದನ್ನು ತಡೆಯಬೇಕು ಅಂತ 2018ರಲ್ಲೇ ವಿಶ್ವ ಆರೋಗ್ಯ ಸಭೆ ನಿರ್ಣಯ ಮಾಡಿತು. ವಾಲ್ವ್ ಪೂರ್ತಿ ಕೆಟ್ಟ ಮೇಲೆ ಆಪರೇಷನ್ನೇ ಗತಿ. ಅದಕ್ಕೂ ನಮ್ಮಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಕಡಿಮೆ ಬೆಲೆಯ ವಾಲ್ವ್ ಇದೆ. 1990ರಿಂದ ಅದನ್ನು ರೋಗಿಗಳಿಗೆ ಹಾಕುತ್ತಿದ್ದಾರೆ. ಗುಳಿಗೆಯೂ ನಮ್ಮದು, ವಾಲ್ವೂ ನಮ್ಮದು. ಕೊಡುವ ಶಕ್ತಿ ನಮಗಿದೆ, ಅಲ್ವಾ?

ಹೊರಗಿನ ಹಣ ಸರಿಯಾದ ಕೆಲಸಕ್ಕೆ ಬಿದ್ದರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಯೇ ತೋರಿಸಿಕೊಟ್ಟಿದೆ. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಹಣದಿಂದ ನಮ್ಮ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಹೆರಿಗೆ ಮಾಡಿಸುವ ನರ್ಸಮ್ಮಂದಿರೇ ಬಾಣಂತಿಗೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರು. 1620 ತಾಯಂದಿರು ಅದರಲ್ಲಿದ್ದರು. ವಿಪರೀತ ರಕ್ತ ಹೋಗುವುದು ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಗುಳಿಗೆಯನ್ನು ಇದೇ ಕೆಲಸಕ್ಕೆ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ಹಳ್ಳಿಯ ತಾಯಂದಿರಿಂದ ಕಲಿತದ್ದು ಎಷ್ಟೋ ದೇಶಗಳ ತಾಯಂದಿರಿಗೆ ಉಪಯೋಗವಾಯಿತು. ಆ ಜಿಲ್ಲೆಯ ಸಂಸದರು ಈ ವಿಷಯ ಎತ್ತಿದರೆ ಮಾತಿಗೆ ತೂಕ ಇರುತ್ತದೆ.

ಹಾಗಾಗಿ ಆರೋಗ್ಯ ಸಚಿವರನ್ನೂ ವಿದೇಶಾಂಗ ಸಚಿವರನ್ನೂ ಕೇಳಿ. ಹೊರದೇಶಗಳಿಗೆ ನಾವು ಕಳಿಸುವ ಔಷಧಿಯಲ್ಲಿ ಬಿಪಿ ಗುಳಿಗೆ, ಪೆನಿಸಿಲಿನ್ ಸೂಜಿ ಎಷ್ಟಿವೆ? 2030ರೊಳಗೆ ಇನ್ನೂ 15 ಕೋಟಿ ಜನರ ಬಿಪಿ ಹಿಡಿತಕ್ಕೆ ತರುವ ಗುರಿ 2025ರ ವಿಶ್ವಸಂಸ್ಥೆ ಘೋಷಣೆಯಲ್ಲಿದೆ. ಅದಕ್ಕೆ ಹಣ ಎಲ್ಲಿಂದ ಬರಬೇಕು ಅಂತ ಭಾರತ ಹೇಳುತ್ತದೆ? ಪ್ರತಿ ಮೇ ತಿಂಗಳಲ್ಲಿ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಭೆ ಸೇರುತ್ತದೆ. ಅಲ್ಲಿ ನಮ್ಮವರು ಹೃದಯ ರೋಗಕ್ಕೂ ಒಂದು ನಿಧಿ ಬೇಕು ಅಂತ ಕೇಳುತ್ತಾರಾ?

ಲಿಖಿತ ಉತ್ತರ ಸಾಕು. ಅದು ಬಂದ ಮೇಲೆ ಕನ್ನಡದಲ್ಲಿ ಮಾಡಿಸಿ ನಮಗೂ ಕಳಿಸಿ. ಅಂಗಡಿಯ ಬಾಗಿಲಿಗೆ ಅಂಟಿಸುತ್ತೇನೆ.

ಇಂತಿ,
ಬೈಲಹೊಂಗಲದ ಒಬ್ಬ ಔಷಧಿ ಅಂಗಡಿಯವ