ಗ್ಯಾಸ್ ಗೀಸರ್‌ನ ಓವರ್‌ಹೀಟ್ ಸ್ವಿಚ್ ಡೈರೆಕ್ಟ್ ಮಾಡಿ ಹೋದ ಸರ್ವಿಸ್ ಬಗ್ಗೆ ದೂರು

ಇಂದ:
ತಮ್ಮ ಗ್ಯಾಸ್ ಗೀಸರ್ ಗ್ರಾಹಕಿ,
ನಾಪೋಕ್ಲು, ಕೊಡಗು ಜಿಲ್ಲೆ

ಇವರಿಗೆ:
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಸರ್ವಿಸ್ ಹೆಸರಿನಲ್ಲಿ ಗೀಸರ್‌ನ ಸುರಕ್ಷತಾ ಸ್ವಿಚ್ ತಪ್ಪಿಸಿ ವೈರ್ ಜೋಡಿಸಿರುವ ಬಗ್ಗೆ.

ಮಾನ್ಯರೇ,

ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ನಿಮ್ಮ ಗ್ಯಾಸ್ ಗೀಸರ್ ನಮ್ಮ ಮನೆಯಲ್ಲಿದೆ. ಮಳೆಗಾಲದಲ್ಲಿ ಇಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಸೌದೆಯೂ ಒದ್ದೆ. ಅದಕ್ಕೇ ಎರಡು ಸೆಲ್ ಹಾಕಿದರೆ ತಾನೇ ಹೊತ್ತಿಕೊಳ್ಳುವ ಇದನ್ನು ತಂದೆವು. ಫಿಟ್ ಮಾಡಲು ಬಂದವರು ಹೇಳಿದಂತೆ ಬಚ್ಚಲುಮನೆಯೊಳಗೆ ಹಾಕಿಸದೆ, ಹಿಂದಿನ ಜಗಲಿಯ ಗೋಡೆಗೆ, ಗಾಳಿಯಾಡುವ ಕಡೆ ಹಾಕಿಸಿದ್ದೇವೆ.

ಈ ಸಲ ಮಳೆ ಹಿಡಿದ ಮೇಲೆ ಗೀಸರ್ ಕೈಕೊಡಲು ಶುರುಮಾಡಿತು. ನಲ್ಲಿ ತಿರುಗಿಸಿದರೆ ಟಕಟಕ ಎಂದು ಕಿಡಿ ಹಾರುತ್ತಲೇ ಇರುತ್ತಿತ್ತು, ಆಮೇಲೆ ದಬ್ಬೆಂದು ಹೊತ್ತಿಕೊಳ್ಳುತ್ತಿತ್ತು. ನಲ್ಲಿ ನಿಲ್ಲಿಸಿದರೂ ಉರಿ ಕೂಡಲೇ ಆರುತ್ತಿರಲಿಲ್ಲ. ಕೆಲವೊಮ್ಮೆ ನಡುವೆಯೇ ತಾನಾಗಿ ಆಫ್ ಆಗುತ್ತಿತ್ತು. ಇಷ್ಟನ್ನೂ ಬಿಡಿಸಿ ಹೇಳಿಯೇ ನಿಮ್ಮ ಕಾಲ್ ಸೆಂಟರ್‌ನಲ್ಲಿ ದೂರು ಬರೆಸಿದ್ದೆ.

ನಿಮ್ಮ ಟೆಕ್ನಿಷಿಯನ್ ಬಂದು ಸೆಲ್ ಬದಲಿಸಿದರು, ಕಿಡಿ ಹಾರುವ ಪಿನ್ನನ್ನು ಮರಳು ಕಾಗದದಲ್ಲಿ ಉಜ್ಜಿದರು, ಕವರ್ ಒಳಗೆ ಇನ್ನೇನೋ ಮಾಡಿ ಮುಚ್ಚಿದರು. "ಆಗಾಗ ಆಫ್ ಆಗ್ತಿತ್ತಲ್ಲ ಅಕ್ಕ, ಡೈರೆಕ್ಟ್ ಕೊಟ್ಟಿದ್ದೀನಿ, ಇನ್ನು ಆಗಲ್ಲ" ಎಂದರು. ರಶೀದಿಯಲ್ಲಿ "ಫುಲ್ ಸರ್ವಿಸ್, ಓಕೆ" ಎಂದು ಬರೆದು ಹಣ ಪಡೆದು ಹೋದರು.

ಆ ಡೈರೆಕ್ಟ್ ಏನೆಂದು ತಿಳಿದದ್ದು ಆಮೇಲೆ. ಒಂದು ಬೆಳಗ್ಗೆ ನಮ್ಮ ಅತ್ತೆ ಸ್ನಾನ ಮುಗಿಸಿ ನಲ್ಲಿ ನಿಲ್ಲಿಸಿದ್ದಾರೆ, ಹೊರಗೆ ಗೀಸರ್ ಉರಿಯುತ್ತಲೇ ಇದೆ. ಒಳಗಿನಿಂದ ನೀರು ಕುದಿಯುವ ಗೊರಗೊರ ಸದ್ದು ಕೇಳಿ ನಮ್ಮ ಯಜಮಾನರು ಓಡಿ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿದರು. ಆ ಹೊತ್ತಿನಲ್ಲಿ ಅತ್ತೆ ಮತ್ತೆ ನಲ್ಲಿ ತೆರೆದಿದ್ದರೆ ಕುದಿನೀರು ಮೈಮೇಲೆ ಬೀಳುತ್ತಿತ್ತು. ಎಂಬತ್ತು ದಾಟಿದ ಜೀವ ಅದು.

ಎಲೆಕ್ಟ್ರಿಕಲ್ ರಿಪೇರಿ ಮಾಡುವ ಪರಿಚಯದವರೊಬ್ಬರು ನಮ್ಮೆದುರೇ ಕವರ್ ಬಿಚ್ಚಿದರು. ನೀರು ಕಾಯುವ ತಾಮ್ರದ ಭಾಗಕ್ಕೆ ಅಂಟಿಕೊಂಡಿರುವ ಓವರ್‌ಹೀಟ್ ಸ್ವಿಚ್ಚಿನ ಎರಡು ವೈರ್‌ಗಳನ್ನು ಕಿತ್ತು, ಒಂದಕ್ಕೊಂದು ತಿರುಚಿ, ಕಪ್ಪು ಟೇಪ್ ಸುತ್ತಲಾಗಿತ್ತು. ಸ್ವಿಚ್ ಮಾತ್ರ ಇದ್ದಲ್ಲೇ ಇತ್ತು, ಯಾವುದಕ್ಕೂ ಸಂಬಂಧವಿಲ್ಲದೆ. ನೀರಿನ ವಾಲ್ವಿನ ಕಡ್ಡಿಯ ಸುತ್ತ ಹಸಿರು ಕಿಲುಬು ಕಟ್ಟಿತ್ತು, ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಬರ್ನರಿನ ಗಾಳಿ ರಂಧ್ರಗಳಲ್ಲಿ ಜೇಡರ ಬಲೆ ಹಾಗೇ ಇತ್ತು. ಎಲ್ಲದರ ಫೋಟೋ ತೆಗೆದಿಟ್ಟಿದ್ದೇನೆ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೂ ಬರೆಯಲೇಬೇಕು. ನಲ್ಲಿ ತೆರೆದಾಗ ನೀರಿನ ಒತ್ತಡಕ್ಕೆ ವಾಲ್ವಿನ ರಬ್ಬರ್ ಪೊರೆ ಆ ಕಡ್ಡಿಯನ್ನು ತಳ್ಳುತ್ತದೆ, ಅದು ಮೈಕ್ರೋ ಸ್ವಿಚ್ ಒತ್ತುತ್ತದೆ, ಆಗ ಕಿಡಿಯೂ ಗ್ಯಾಸೂ ಬರುತ್ತವೆ. ನಲ್ಲಿ ನಿಂತಾಗ ಕಡ್ಡಿ ಹಿಂದೆ ಸರಿದು ಗ್ಯಾಸ್ ಬಂದ್ ಆಗಬೇಕು. ನಮ್ಮಲ್ಲಿ ಕಡ್ಡಿ ಸಿಕ್ಕಿಕೊಳ್ಳುತ್ತಿದ್ದುದರಿಂದಲೇ ನೀರು ನಿಂತರೂ ಉರಿ ನಿಲ್ಲುತ್ತಿರಲಿಲ್ಲ. ಹಾಗೆ ಕಾವು ಮಿತಿ ಮೀರಿದಾಗ ಗ್ಯಾಸ್ ಕಡಿಯುವುದಕ್ಕೇ ಓವರ್‌ಹೀಟ್ ಸ್ವಿಚ್ ಇರುವುದು. ಗೀಸರ್ ತಾನಾಗಿ ಆಫ್ ಆಗುತ್ತಿದ್ದುದು ಆ ಸ್ವಿಚ್ ತನ್ನ ಕೆಲಸ ಮಾಡುತ್ತಿದ್ದುದರಿಂದ. ನಿಮ್ಮವರು ರೋಗವನ್ನು ಬಿಟ್ಟು, ರೋಗ ತೋರಿಸುತ್ತಿದ್ದ ಸ್ವಿಚ್ಚನ್ನೇ ತೆಗೆದರು.

ದಬ್ಬೆಂದು ಹೊತ್ತುವುದೂ ಸಣ್ಣ ವಿಷಯವಲ್ಲ. ಕಿಡಿ ತಡವಾದಷ್ಟೂ ಒಳಗೆ ಗ್ಯಾಸ್ ಶೇಖರವಾಗಿ ಒಮ್ಮೆಲೇ ಹತ್ತಿಕೊಳ್ಳುತ್ತದೆ. ಗಾಳಿ ರಂಧ್ರ ಕಟ್ಟಿದ ಬರ್ನರ್ ಹಳದಿ ಉರಿಯುತ್ತದೆ, ಮಸಿ ಕಟ್ಟುತ್ತದೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗ್ಯಾಸ್ ಬಿಡುತ್ತದೆ. ಸಿಲಿಂಡರ್ ಗ್ಯಾಸಿಗೆ ವಾಸನೆ ಬೆರೆಸಿರುವುದರಿಂದ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಇದು ಗೊತ್ತೇ ಆಗುವುದಿಲ್ಲ. ಮಳೆ, ಚಳಿಗೆ ಕಿಟಕಿ ಬಾಗಿಲು ಮುಚ್ಚಿ ಕೂರುವ ನಮ್ಮ ಊರಿನಲ್ಲಿ ಗೀಸರನ್ನು ಬಚ್ಚಲೊಳಗೇ ಹಾಕಿಸಿಕೊಂಡ ಮನೆಗಳೂ ಇವೆ.

ಆ ಹುಡುಗನನ್ನು ಕೆಲಸದಿಂದ ತೆಗೆಯಿರಿ ಎಂದು ನಾನು ಬರೆಯುತ್ತಿಲ್ಲ. ವಾಲ್ವ್ ಯಾಕೆ ಬದಲಿಸಲಿಲ್ಲ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, "ಕಿಟ್ ಮೈಸೂರಿಂದ ಬರಬೇಕು ಅಕ್ಕ, ನಮ್ಮ ಹತ್ರ ಕೊಡಲ್ಲ" ಎಂದರು. ಕೈಗೆ ಸೆಲ್ಲು, ಮರಳು ಕಾಗದ ಕೊಟ್ಟು ಗ್ಯಾಸ್ ವಾಲ್ವ್ ರಿಪೇರಿಗೆ ಕಳಿಸಿದವರು ನೀವು, ತಪ್ಪು ನಿಮ್ಮದು. ಗೀಸರ್ ಮೈಮೇಲೆ ಐಎಸ್ 15558, ಅಂದರೆ ಗ್ಯಾಸ್ ಗೀಸರ್‌ಗಳ ಭಾರತೀಯ ಮಾನಕದ ಗುರುತು ಹಾಕಿದ್ದೀರಿ. ನಾವು ಅದನ್ನು ನೋಡಿ ನಂಬಿ ಕೊಂಡೆವು. ಸುರಕ್ಷತಾ ಸ್ವಿಚ್ಚನ್ನು ನಿಮ್ಮವರೇ ಕಡಿದು ಹಾಕಿದ ಮೇಲೆ ಆ ಗುರುತಿಗೆ ಏನು ಬೆಲೆ?

ವಾಲ್ವ್ ಕಿಟ್ ಮತ್ತು ಹೊಸ ಓವರ್‌ಹೀಟ್ ಸ್ವಿಚ್ ಜೊತೆಗೇ ತಂದು ಹಾಕುವ, ಕೆಲಸ ಗೊತ್ತಿರುವ ವ್ಯಕ್ತಿಯನ್ನು ಕಳಿಸಿ. ಬರ್ನರ್ ಬಿಚ್ಚಿ ಶುಚಿ ಮಾಡಬೇಕು, ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಬೇಕು, ನಲ್ಲಿ ನಿಲ್ಲಿಸಿದ ಕೂಡಲೇ ಉರಿ ಆರುವುದನ್ನು ನಮ್ಮೆದುರು ತೋರಿಸಬೇಕು. ಏನೇನು ಪರೀಕ್ಷೆ ಮಾಡಿದರೆಂದು ಬರವಣಿಗೆಯಲ್ಲಿ ಕೊಡಬೇಕು. ಹಿಂದೆ ಪಡೆದ ಸರ್ವಿಸ್ ಹಣ ವಾಪಸಾಗಬೇಕು. ಇದಕ್ಕೆ ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಸೇವಾ ನ್ಯೂನತೆಯ ದೂರು ಕೊಡುತ್ತೇನೆ.

ಇನ್ನೊಂದು ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮೂರ್ನಾಡು, ವಿರಾಜಪೇಟೆ ಕಡೆಗೂ ಇದೇ ಸರ್ವಿಸ್‌ನವರೇ ಹೋಗುವುದು. "ಆಗಾಗ ಆಫ್ ಆಗುತ್ತದೆ" ಎಂದು ದೂರು ಕೊಟ್ಟ ಮನೆಗಳ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ನಮ್ಮ ಗೀಸರ್ ಈಗ ಬಂದ್ ಆಗಿದೆ, ಸೌದೆ ಒಲೆಯಲ್ಲೇ ನೀರು ಕಾಯಿಸುತ್ತಿದ್ದೇವೆ, ನಮ್ಮಲ್ಲಿಗೆ ಎರಡು ದಿನ ತಡವಾಗಿ ಬಂದರೂ ನಡೆಯುತ್ತದೆ. ಆ ಮನೆಗಳಿಗೆ ಇವತ್ತೇ ಫೋನ್ ಮಾಡಿ, ತಪಾಸಣೆ ಆಗುವವರೆಗೆ ಗೀಸರ್ ಹಚ್ಚಬೇಡಿ ಎಂದು ಹೇಳಿ.

ಇತಿ,
ತಮ್ಮ ಗ್ರಾಹಕಿ

ಅಡಕ: ಸರ್ವಿಸ್ ರಶೀದಿಯ ಪ್ರತಿ, ತಿರುಚಿದ ವೈರ್ ಮತ್ತು ವಾಲ್ವಿನ ಫೋಟೋಗಳು