ಶಿಕ್ಷಣ ಸಚಿವರೇ, ನಮ್ಮ ಹೈಸ್ಕೂಲಿಗೆ ಇತಿಹಾಸ ಹೇಳಿಕೊಡಲು ಒಬ್ಬ ಮಾಸ್ತರನ್ನು ಕಳಿಸಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯವನು. ಬಾಡಿಗೆ ಕಾರು ಓಡಿಸುತ್ತೇನೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಬರುವವರನ್ನು ಕರೆದುಕೊಂಡು ಹೋಗುವುದೇ ನನ್ನ ದುಡಿಮೆ. ನನ್ನ ಮಗಳು ಊರ ಸಮೀಪದ ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು.

ಅವಳು ಎಂಟನೇ ಕ್ಲಾಸಿಗೆ ಸೇರಿದ ವರ್ಷವೇ ಸಮಾಜ ವಿಜ್ಞಾನದ ಮಾಸ್ತರರಿಗೆ ವರ್ಗ ಆಯಿತು. ಆ ಜಾಗ ಇವತ್ತಿಗೂ ಖಾಲಿ. ನಡುವೆ ಒಬ್ಬ ಅತಿಥಿ ಶಿಕ್ಷಕರು ಬಂದರು. ಸಂಬಳ ಸರಿಯಾಗಿ ಕೈಗೆ ಸಿಗದೆ ನಾಲ್ಕು ತಿಂಗಳಿಗೆ ಬಿಟ್ಟು ಹೋದರು. ಈಗ ಗಣಿತದ ಸರ್ ಆ ಪೀರಿಯಡ್ ನೋಡಿಕೊಳ್ಳುತ್ತಾರೆ. ಗೈಡ್ ತೆಗೆದು ಪ್ರಶ್ನೋತ್ತರ ಬರೆಸುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೂರು ಕ್ಲಾಸಿನ ಗಣಿತದ ಜೊತೆಗೆ ಅವರು ಇನ್ನೇನು ತಾನೇ ಮಾಡಿಯಾರು?

ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಅವಳ ನೋಟ್‌ಬುಕ್ ತೆರೆದೆ. 'ಐಹೊಳೆ ಶಾಸನ: ಕ್ರಿ.ಶ. 1634' ಅಂತ ಬರೆದಿತ್ತು. ಪಕ್ಕದಲ್ಲೇ ಕೆಂಪು ಶಾಯಿಯ ರೈಟ್ ಗುರುತು. ಪ್ರವಾಸಿ ಗೈಡ್‌ಗಳ ಬಾಯಲ್ಲಿ ಕೇಳಿ ಕೇಳಿ 634 ನನಗೆ ಬಾಯಿಪಾಠ. ಒಂದು ಸಾವಿರ ವರ್ಷ ತಪ್ಪಾಗಿತ್ತು ಸ್ವಾಮಿ! ಕ್ಲಾಸಿನ ಇನ್ನೂ ಮೂವರ ನೋಟ್‌ಬುಕ್ ತರಿಸಿ ನೋಡಿದೆ. ಮೂರರಲ್ಲೂ 1634, ಮೂರಕ್ಕೂ ರೈಟ್. ಅವತ್ತು ಊಟ ಸೇರಲಿಲ್ಲ ನನಗೆ.

ಮುಂದಿನ ಭಾನುವಾರ ಬಾಡಿಗೆ ಬಿಟ್ಟು ಮಗಳನ್ನು ಐಹೊಳೆಯ ಮೇಗುತಿ ಗುಡ್ಡ ಹತ್ತಿಸಿದೆ. ಗುಡಿಯ ಹೊರಗೋಡೆಯಲ್ಲಿ ಪುಲಿಕೇಶಿಯ ಆಸ್ಥಾನ ಕವಿ ರವಿಕೀರ್ತಿ ಬರೆಸಿದ ಆ ಶಾಸನದ ಸಾಲುಗಳಿವೆ. ಇಮ್ಮಡಿ ಪುಲಿಕೇಶಿ ಹರ್ಷನನ್ನು ತಡೆದ ಸಂಗತಿ ಇರುವುದು ಅಲ್ಲೇ. ಮಗಳು ಅಕ್ಷರಗಳನ್ನೇ ನೋಡುತ್ತಾ ನಿಂತಳು. "ಅಪ್ಪಾ, ನಮ್ಮ ಪುಸ್ತಕದಾಗ ಇದ್ದದ್ದು ಇದೇ ಏನು?" ಅಂದಳು. ನನಗೆ ಗಂಟಲು ಕಟ್ಟಿತು. ಡಿಸೆಂಬರ್ ಬಂದರೆ ದೂರದೂರಿನಿಂದ ಶಾಲಾ ಮಕ್ಕಳ ಬಸ್ಸು ಸಾಲುಗಟ್ಟಿ ಇಲ್ಲಿಗೆ ಬರುತ್ತವೆ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಈ ಕಲ್ಲು ತೋರಿಸುವವರಿಲ್ಲ.

ಶಾಲಾಭಿವೃದ್ಧಿ ಸಮಿತಿಯಿಂದ (ಎಸ್‌ಡಿಎಂಸಿ) ಅರ್ಜಿ ಕೊಟ್ಟೆವು. ಅಧಿಕಾರಿಗಳ ಕಚೇರಿಗೆ ಐದು ಸಲ ಅಲೆದೆ. ಐದು ದಿನದ ದುಡಿಮೆ ಹೋಯಿತು. ಕೊನೆಯ ಸಲ ಅಲ್ಲಿದ್ದವರೊಬ್ಬರು, "ಇತಿಹಾಸ ಏನ್ರೀ, ಓದಿಕೊಂಡರೆ ಬರುತ್ತದೆ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹಾಗಿದ್ದರೆ ಹೈಸ್ಕೂಲು ಯಾಕೆ ಬೇಕು? ಮಕ್ಕಳು ಮನೆಯಲ್ಲೇ ಓದಿಕೊಳ್ಳಲಿ ಎಂದು ಹೇಳಿಬಿಡಿ.

ಓದಿಕೊಂಡರೆ ಬರುವುದಿಲ್ಲ. 1453ರಲ್ಲಿ ಟರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು ಅಂತ ಮಗಳು ಪಟ್ಟನೆ ಹೇಳುತ್ತಾಳೆ. ಅದಕ್ಕೂ 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದಕ್ಕೂ ಏನು ಸಂಬಂಧ ಅಂದರೆ ಸುಮ್ಮನಾಗುತ್ತಾಳೆ. ನಮ್ಮದೇ ಜಿಲ್ಲೆಯ ಹಲಗಲಿ ಬೇಡರು ಆಯುಧ ಒಪ್ಪಿಸಲ್ಲ ಅಂತ 1857ರಲ್ಲಿ ಬ್ರಿಟಿಷರಿಗೆ ಎದುರು ನಿಂತರು. ನೋಟ್ಸ್‌ನಲ್ಲಿ ಅದು ಎರಡು ಸಾಲು. ನನ್ನ ಕಾಲದಲ್ಲಿ ನಮ್ಮ ಮಾಸ್ತರರು ಬೋರ್ಡಿನ ಮೇಲೆ ನಕ್ಷೆ ಬರೆದು, ಹಡಗು ಎಲ್ಲಿಂದ ಹೊರಟಿತು, ಎಲ್ಲಿ ತಿರುಗಿತು ಅಂತ ಸೀಮೆಸುಣ್ಣದಲ್ಲಿ ತೋರಿಸುತ್ತಿದ್ದರು. ಅವರ ಕ್ಲಾಸಿನಲ್ಲಿ ಕಲಿತದ್ದು ನನಗೆ ಇನ್ನೂ ನೆನಪಿದೆ.

ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಆರೂ ಸಮಾಜ ವಿಜ್ಞಾನ ಅನ್ನುವ ಒಂದೇ ವಿಷಯದಲ್ಲಿವೆ. ಒಬ್ಬ ಮಾಸ್ತರು ಇಲ್ಲದಿದ್ದರೆ ಆರೂ ಹೋದವು ಅಂತಲೇ ಅರ್ಥ. ಹುದ್ದೆ ತುಂಬುವ ನಿಯಮ ನಿಮಗೆ ಗೊತ್ತಿಲ್ಲದ್ದಲ್ಲ. ನನಗೆ ಬೇಕಾದದ್ದು ಒಬ್ಬ ಮಾಸ್ತರು, ಅಷ್ಟೇ. ಕಾಯಂ ಆಗುವವರೆಗೆ ಅತಿಥಿ ಶಿಕ್ಷಕರಾದರೂ ಆಗಲಿ. ಇತಿಹಾಸ ಓದಿದವರು ಬರಲಿ, ಅವರಿಗೆ ತಿಂಗಳು ತಿಂಗಳು ಸಂಬಳ ಸಿಗಲಿ.

ಮಾರ್ಚ್‌ನಲ್ಲಿ ಪರೀಕ್ಷೆ. ದಸರಾ ರಜೆ ಮುಗಿದು ಶಾಲೆ ತೆರೆಯುವ ದಿನಕ್ಕೆ ಒಬ್ಬ ಮಾಸ್ತರನ್ನು ಕಳಿಸಿ. ಅವರು ಮಕ್ಕಳನ್ನು ಐಹೊಳೆಗೆ ಕರೆದುಕೊಂಡು ಹೋಗುವುದಾದರೆ ನನ್ನ ಕಾರು ಇದೆ. ಎಷ್ಟು ಟ್ರಿಪ್ ಆದರೂ ಸರಿ, ಬಾಡಿಗೆ ಬೇಡ.

ಇಂತಿ,
ಹತ್ತನೇ ಕ್ಲಾಸಿನ ಹುಡುಗಿಯ ತಂದೆ
ಬಾದಾಮಿ ತಾಲ್ಲೂಕು